ಅವಳ ಆಮೆನ್

ಮೆಟ್ಟಿಲ ಮೇಲೆಯೇ ಹೈಮೆ ನಿಸ್ಸೀಮನ ಕೊರಳಪಟ್ಟಿ ಹಿಡಿದು ಗೋಡೆಗೆ ಬಡಿದ. ಅವನ ತುಟಿ ಒಡೆಯಿತು.

“ಬೇಕರಿ ಬಾಗಿಲಲ್ಲಿ ನನ್ನ ತಂಗಿ ಎಸ್ತ್ರೇಯಾನ ಕಾಯ್ತೀಯೇನೋ? ನಿನ್ನ ಮೂಳೆ ಎಣಿಸ್ತೀನಿ ಇವತ್ತು!”

“ಎಣಿಸು. ತಪ್ಪಿದ್ರೆ ಎಸ್ತ್ರೇಯಾ ಹೇಳ್ಕೊಡ್ತಾಳೆ.”

ಇನ್ನೊಂದು ಗುದ್ದು ಬಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಹೈಮೆಯ ತಾಯಿ ಸುಲ್ತಾನಾ, ವಿಲ್ಯಾ ಕ್ರೆಸ್ಪೊ ಬಡಾವಣೆಯ ಬೀದಿಗೆಲ್ಲ ಕೇಳುವಂತೆ ಕಿರುಚಿದಳು. “ಸಬ್ಬತ್ತಿನ ದೀಪ ಹಚ್ಚಾಗಿದೆ ಕಣೋ, ರಾಕ್ಷಸ! ಬಾಗಿಲಿಗೆ ಬಂದವನು ಅತಿಥಿ. ಒಳಗೆ ಬಾರಪ್ಪ ನೀನು.”

ಅಪ್ಪ ಸತ್ತ ಮೇಲೆ ಆ ಯೆಹೂದಿ ಮನೆಯಲ್ಲಿ ಸಬ್ಬತ್ತಿನ ಊಟಕ್ಕೆ ಮುಂಚೆ ರೊಟ್ಟಿಯ ಸ್ತುತಿ ಹೇಳುವುದು ಹೈಮೆಯೇ. ಸ್ತುತಿಯಿಲ್ಲದೆ ರೊಟ್ಟಿ ತಿನ್ನುವಂತಿಲ್ಲ; ಒಬ್ಬ ಹೇಳಿದರೆ ಎಲ್ಲರಿಗೂ ಸಾಕು. ಕೇಳಿ ಆಮೆನ್ ಅಂದವರು ತಾವೇ ಹೇಳಿದಂತೆ. ಆದರೆ ಹೇಳುವವನ ಮನಸ್ಸಿನಲ್ಲಿ ಅವರಿರಬೇಕು, ಕೇಳುವವರಿಗೂ ಮನಸ್ಸಿರಬೇಕು. ಕೈ ತೊಳೆಯುವ ಮುಂಚೆಯೇ ಹೈಮೆ ಸಾರಿದ. “ನನ್ನ ಸ್ತುತಿ ಮನೆಯವರಿಗೆ ಮಾತ್ರ. ಈ ನಾಯಿಗಲ್ಲ.”

ಕೈ ತೊಳೆದ ಮೇಲೆ ರೊಟ್ಟಿ ಬಾಯಿಗೆ ಬೀಳುವವರೆಗೂ ಯಾರೂ ಮಾತಾಡುವಂತಿಲ್ಲ. ಎಸ್ತ್ರೇಯಾಳ ಒದ್ದೆ ಮಣಿಕಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ನಿಸ್ಸೀಮನ ತುಟಿ ನೋಡಿದಳು, ಹುಬ್ಬು ಗಂಟಿಕ್ಕಿದಳು, ಆಮೇಲೆ ತುಂಟಿಯ ಹಾಗೆ ಕೆನ್ನೆ ಒಳಗೆಳೆದುಕೊಂಡಳು. ನಗು ತಡೆಯುವಾಗ ಅವಳು ಹಾಗೇ ಮಾಡುವುದು. ಅವನ ಎದೆ ಗುದ್ದಿಗಿಂತ ಜೋರಾಗಿ ಹೊಡೆದುಕೊಂಡಿತು.

ಹೈಮೆ ಸ್ತುತಿ ಗುಡುಗಿದ. ಅಮ್ಮ ಆಮೆನ್ ಅಂದಳು. ಎಸ್ತ್ರೇಯಾ ಅನ್ನಲಿಲ್ಲ. ಹೈಮೆ ಒಂದು ರೊಟ್ಟಿ ಕತ್ತರಿಸಿ, ತಾನು ತಿಂದು, ಮನೆಯವರ ತಟ್ಟೆಗೆ ತುಂಡು ಎಸೆದ. ಅವಳು ತನ್ನ ತುಂಡನ್ನು ಮುಟ್ಟಲೂ ಇಲ್ಲ.

ನಿಸ್ಸೀಮ ಕತ್ತರಿಸದೆ ಉಳಿದ ಎರಡನೇ ರೊಟ್ಟಿ ಎತ್ತಿಕೊಂಡ. ಒಡೆದ ತುಟಿಯಿಂದ, ತೊದಲುತ್ತ, ಅವಳನ್ನೇ ನೋಡುತ್ತ ತನ್ನ ಸ್ತುತಿ ಹೇಳಿದ.

“ಆಮೆನ್,” ಅಂದಳು ಎಸ್ತ್ರೇಯಾ.

ಹೈಮೆಯ ಕುರ್ಚಿ ಹಿಂದಕ್ಕೆ ಉರುಳಿತು. ಚಾಕು ಮೇಜಿಗೆ ನಾಟಿ ನಡುಗಿತು. “ಯಾರ ಬಾಯಿಗೆ ಆಮೆನ್ ಅಂದೆ ಅಂತ ಗೊತ್ತೇನೇ ನಿಂಗೆ?”

ರೊಟ್ಟಿಯ ಅಂಚಿಗೆ ರಕ್ತ ಹತ್ತಿತ್ತು. ರಕ್ತ ತಿನ್ನಬಾರದು. ನಿಸ್ಸೀಮ ಅಷ್ಟನ್ನು ಕಿತ್ತು ಪಕ್ಕಕ್ಕಿಟ್ಟು, ಒಂದು ಚೂರು ಬಾಯಿಗೆ ಹಾಕಿಕೊಂಡು, ಬಿಳಿಯ ಭಾಗವನ್ನು ಉಪ್ಪಿನಲ್ಲಿ ಅದ್ದಿ ಅವಳಿಗೆ ಚಾಚಿದ. ಮೇಲೆ ಹೈಮೆಯ ಮುಷ್ಟಿ ಎದ್ದಿತ್ತು.

ಎಸ್ತ್ರೇಯಾ ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ಎದ್ದು ಬಂದು ನಿಸ್ಸೀಮನ ಮುಂದೆ ನಿಂತಳು.

“ಹೊಡಿ, ಅಣ್ಣ. ಆದ್ರೆ ನಂಗೇ ಹೊಡಿ. ಅವನ ಬಾಯಿ ಈಗ ನಂದೂ ಹೌದು.”