ನಿಶ್ಚಿಂತಪಾದನ ಗುಡಾಣ

ಬಹಳ ಹಿಂದಿನ ಮಾತು. ಕಂದರಾವತಿ ಎಂಬ ರಾಜ್ಯದಲ್ಲಿ, ಪ್ರಜೆಗಳ ದೂರು ಕೇಳಿ ಕೇಳಿ ಬೇಸತ್ತ ರಾಜನೊಬ್ಬನಿದ್ದ. ಅವನ ಬೇಸರ ತಿಳಿದು ಕರಿಬೆಟ್ಟದ ಮಾಂತ್ರಿಕ ನಿಶ್ಚಿಂತಪಾದ ಮಣ್ಣಿನ ಒಂದು ದೊಡ್ಡ ಗುಡಾಣ ತಂದು ಅರಮನೆಯ ಮುಂದಿಟ್ಟ.

“ಆಸೆಯೇ ದುಃಖಕ್ಕೆ ಮೂಲ. ಇದರೊಳಗೆ ಉಸಿರು ಬಿಟ್ಟರೆ ಆಸೆ ಇಲ್ಲೇ ಉಳಿಯುತ್ತದೆ. ನಿಮಗೆ ಮಿಕ್ಕುವುದು ಸುಖ” ಎಂದ.

ರಾಜ ಮೊದಲು ಉಸಿರು ಬಿಟ್ಟ. ಹಿಂದೆ ಊರಿಗೆ ಊರೇ ಸಾಲುಗಟ್ಟಿತು. ಗುಡಾಣ ತುಂಬಿದ ಮೇಲೆ ಮಾಂತ್ರಿಕ ಅದನ್ನು ಬೆಟ್ಟಕ್ಕೆ ಹೊತ್ತೊಯ್ದು, ಅಲ್ಲಿಂದಲೇ ರಾಜ್ಯವಾಳತೊಡಗಿದ. ಬೇಡ ಎನ್ನುವವರು ಯಾರೂ ಉಳಿದಿರಲಿಲ್ಲ.

ಕಂಬಳಿ ನೇಯುವ ತಿರುಮಕ್ಕ ಮಾತ್ರ ಹೋಗಿರಲಿಲ್ಲ. “ನನ್ನ ಆಸೆ ನನ್ನ ಹತ್ತಿರವೇ ಇರಲಿ. ನನಗೆ ಅದರಿಂದ ಕೆಲಸವಿದೆ” ಎಂದಿದ್ದಳು. ಆದರೆ ಅವಳು ಮಗ್ಗದಲ್ಲಿ ಕೂತಿದ್ದಾಗ ಗಂಡ ಬೊಮ್ಮಣ್ಣ ತಾನು ಹೋದದ್ದಲ್ಲದೆ ತೊಟ್ಟಿಲ ಕೂಸನ್ನೂ ಎತ್ತಿಕೊಂಡು ಹೋಗಿ ಬಂದಿದ್ದ.

ಅಂದಿನಿಂದ ಕೂಸು ಅಳಲಿಲ್ಲ. ಮೊಲೆ ಕೊಟ್ಟರೆ ಚೀಪಲಿಲ್ಲ. ನಗುನಗುತ್ತಲೇ ಸೊರಗತೊಡಗಿತು.

“ಕೂಸು ಹಾಲು ಕುಡಿಯುತ್ತಿಲ್ಲ, ನೋಡಿ” ಎಂದಳು ತಿರುಮಕ್ಕ.

“ಕುಡಿಯದಿದ್ದರೇನು, ನಗುತ್ತಿದೆಯಲ್ಲ.”

“ಹೀಗೇ ಬಿಟ್ಟರೆ ಸತ್ತುಹೋಗುತ್ತದೆ.”

“ನಿನ್ನಿಷ್ಟ” ಎಂದು ಬೊಮ್ಮಣ್ಣ ನಕ್ಕ.

ಇವನಿಗಿಂತ ಒರಳುಕಲ್ಲು ವಾಸಿ, ಅದು ಹಲ್ಲಾದರೂ ಕಿರಿಯುವುದಿಲ್ಲ ಎಂದುಕೊಂಡು ತಿರುಮಕ್ಕ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕರಿಬೆಟ್ಟ ಹತ್ತಿದಳು.

ಮಾಂತ್ರಿಕನ ಕೋಟೆಯ ಮೊದಲ ಬಾಗಿಲಲ್ಲಿ ಬೆಂಕಿಕಣ್ಣಿನ ಹುಲಿ. “ಹೆಣ್ಣೇ, ನಿನಗೇನು ಕಡಿಮೆ? ಹಿಂದಿರುಗು, ಸಿಂಹಾಸನ ಕೊಡುತ್ತೇನೆ” ಎಂದಿತು.

“ಮನೆಯಲ್ಲೇ ನನ್ನ ಮಾತು ಕೇಳುವವರಿಲ್ಲ. ಸಿಂಹಾಸನದ ಮೇಲೆ ಕೂತು ಯಾರಿಗೆ ಹೇಳಲಿ? ದಾರಿ ಬಿಡು.”

ಕೊಟ್ಟದ್ದು ಬೇಡ ಎಂದವರನ್ನು ತಡೆಯುವ ಶಕ್ತಿ ಹುಲಿಗಿರಲಿಲ್ಲ. ಅದು ಸರಿಯಿತು.

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಹಾವು. “ಹೆಣ್ಣೇ, ನಿನಗೇನು ಕಡಿಮೆ? ಹಿಂದಿರುಗು, ಸಕಲ ಜ್ಞಾನ ಕೊಡುತ್ತೇನೆ” ಎಂದಿತು.

“ಈ ಕೂಸಿಗೆ ಹಾಲು ಕುಡಿಸುವುದು ಹೇಗೆ, ಹೇಳು.”

“ಹಸಿವು ಎಂಬುದು ಮೂಲತಃ...” ಎಂದು ಮೊದಲ ಹೆಡೆ ಶುರುಮಾಡಿತು.

“ಗೊತ್ತಿಲ್ಲ ಅನ್ನು ಸಾಕು. ಇನ್ನೂ ಆರು ಬಾಯಿ ಕೇಳುವಷ್ಟು ಪುರುಸೊತ್ತಿಲ್ಲ.”

ಹಾವೂ ಸರಿಯಿತು.

ಮೂರನೆಯ ಬಾಗಿಲಲ್ಲಿ ನಿಶ್ಚಿಂತಪಾದ, ಪಕ್ಕದಲ್ಲಿ ಗುಡಾಣ. ಅವನ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟಿದವರು ಕಲ್ಲಾಗುತ್ತಿದ್ದರು.

“ನಿನಗೇನು ಕಡಿಮೆ, ತಾಯಿ? ಉಸಿರು ಬಿಡು, ಸುಖ ಕೊಡುತ್ತೇನೆ. ಬೇಕು ಎಂದವನಿಗೆ ಸುಖವುಂಟೇ?”

“ಹಸಿದು ಉಂಡವಳಿಗೆ ಉಂಟು.”

“ಮತ್ತೆ ಹಸಿಯುತ್ತೀಯಲ್ಲ?”

“ಮತ್ತೆ ಉಣ್ಣುತ್ತೇನೆ.”

ಅವನು ಒಂದು ಹೇಳಿದರೆ ಇವಳು ಒಂದು ಹೇಳಿದಳು. ಹೊತ್ತು ನೆತ್ತಿಗೇರಿತು. ಬೆನ್ನ ಮೇಲಿನ ಕೂಸು ಸದ್ದಿಲ್ಲದೆ ಬಾಡುತ್ತಿತ್ತು.

“ನಿಮಗೆ ಆಸೆಯೇ ಇಲ್ಲವೇ, ಸ್ವಾಮಿ?”

“ಎಲ್ಲರಿಗಿಂತ ಮೊದಲು ಬಿಟ್ಟವನು ನಾನು.”

“ಮತ್ತೆ ಬೆಳಗಿನಿಂದ ನನ್ನೊಡನೆ ಯಾಕೆ ತಲೆ ಚಚ್ಚಿಕೊಳ್ಳುತ್ತಿದ್ದೀರಿ?”

“ನೀನು ಒಪ್ಪಬೇಕಲ್ಲ.”

“ಊರೆಲ್ಲ ಒಪ್ಪಿದರೂ ಸಾಲದೆ, ನಾನೂ ಒಪ್ಪಬೇಕು. ಇದೇನು ಆಸೆಯಲ್ಲವೇ?”

ತರ್ಕದಲ್ಲಿ ಸೋಲುವುದು ಮಾಂತ್ರಿಕನಿಗೆ ಸಾವಿಗಿಂತ ಕಷ್ಟ. “ಇದೂ ಹೋಗಲಿ” ಎಂದು ಬಗ್ಗಿ ಗುಡಾಣದೊಳಗೆ ಉಸಿರು ಬಿಟ್ಟ. ತಲೆಯೆತ್ತಿದಾಗ ಅವನ ಮುಖದಲ್ಲಿ ಬೊಮ್ಮಣ್ಣನದೇ ನಗು.

“ಇದನ್ನು ಒಡೆಯಲೇ, ಸ್ವಾಮಿ?”

“ನಿನ್ನಿಷ್ಟ, ತಾಯಿ.”

ತಿರುಮಕ್ಕ ಜಾಡಿಸಿ ಒದ್ದಳು. ಗುಡಾಣ ಚೂರಾಯಿತು. ಆಸೆಗಳೆಲ್ಲ ಜೇನುನೊಣಗಳ ಹಾಗೆ ಎದ್ದು ತಂತಮ್ಮ ಮನೆಯ ಕಡೆ ಹಾರಿದವು. ಒಂದು, ತೀರಾ ಚಿಕ್ಕದು, ಅವಳ ಬೆನ್ನಿಗೇ ಬಂತು.

ಕೂಸು ಬೆಟ್ಟ ಬಿರಿಯುವಂತೆ ಅತ್ತಿತು. ತಿರುಮಕ್ಕ ಅಲ್ಲೇ ಬಾಗಿಲಲ್ಲಿ ಕೂತು ಮೊಲೆಗಿಟ್ಟಳು.

ಮಂತ್ರಶಕ್ತಿ ಗುಡಾಣದೊಡನೆ ಹೋಯಿತು. ಆಸೆ ಮಾತ್ರ ಮಾಂತ್ರಿಕನಿಗೂ ಮರಳಿತ್ತು. ಅವನು ಹತ್ತಿರ ಬಂದು, “ಆದರೂ ತಾಯಿ, ನನ್ನ ವಾದದಲ್ಲಿ ತಪ್ಪೆಲ್ಲಿತ್ತು?” ಎಂದ.

“ಕೂಸು ಹಾಲು ಕುಡಿಯುತ್ತಿದೆ. ಸುಮ್ಮನಿರಿ.”

ಅತ್ತ ಪ್ರಜೆಗಳು ದೂರು ಹೊತ್ತು ಅರಮನೆಗೆ ನುಗ್ಗಿದರು, ರಾಜ ಗೊಣಗುತ್ತ ಕೇಳಿದ. ಅಂದಿನಿಂದ ಕಂದರಾವತಿಯವರು ದುಡಿದು, ಉಂಡು, ಜಗಳವಾಡಿ ಸುಖವಾಗಿ ಬಾಳಿದರು. ಸುಖವಾಗಿದ್ದೀರಾ ಎಂದು ಕೇಳಿದರೆ ಮಾತ್ರ ಒಬ್ಬರೂ ಒಪ್ಪುತ್ತಿರಲಿಲ್ಲ.