ಮೊದಲು ಕೆಂಪಾದ ಗಿಡಗಳು

ಗಾಜಿನಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಸಾಲಿನ ನಡುನಡುವೆ ನಾಲ್ಕು ಟೊಮೆಟೊ ಗಿಡಗಳು ಬುಡಸಮೇತ ಕಿತ್ತು ಬಿದ್ದಿದ್ದವು. ಅವುಗಳಲ್ಲಿ ಒಂದು ಹಣ್ಣೂ ಇರಲಿಲ್ಲ. ಉಳಿದ ಗಿಡಗಳು ಕೆಂಪು ಹಣ್ಣು ಹೊತ್ತು ಹಾಗೇ ನಿಂತಿದ್ದವು.

“ನಾಲ್ಕು ಗಿಡಕ್ಕೆ ಪೊಲೀಸಾ ಅಂತ ನಗಬೇಡಿ ಮೇಡಂ,” ಎಂದಳು ಬೆಳೆಗಾರ್ತಿ. “ಈ ಚಳಿ, ಈ ಮಳೆಗೆ ಹಣ್ಣಾಗೋ ಮುಂಚೆ ಅಂಗಮಾರಿ ರೋಗ ಬಂದು ಗಿಡ ಕಪ್ಪಾಗುತ್ತೆ. ಅದಕ್ಕೇ ಬೇಗ ಹಣ್ಣಾಗೋ ಗಿಡದ ಬೀಜ ಮಾತ್ರ ಇಡ್ತಾ ಬಂದೆ. ಅರ್ಧ ಆಯಸ್ಸು ಇದಕ್ಕೇ ಹೋಯ್ತು. ಈ ಸಲ ಮೊದಲು ಕೆಂಪಾದದ್ದು ಆ ನಾಲ್ಕೇ. ನಾಳೆ ಬೀಜದ ಕಂಪನಿಯವರು ನೋಡೋಕೆ ಬರೋರಿದ್ರು.”

ಇನ್ಸ್‌ಪೆಕ್ಟರ್ ನಗಲಿಲ್ಲ. ಹೆಣದ ಮುಂದೆ ಕೂತವರ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದೂ ಅಂಥದೇ ಮುಖ.

“ಗುರುತಿಗೆ ದಾರಗೀರ ಕಟ್ಟಿದ್ರಾ?”

“ಇಲ್ಲ. ಎಲ್ಲಾ ತಲೇಲೇ ಇತ್ತು.”

“ಅನುಮಾನ?”

“ಪಕ್ಕದ ತೋಟದವನು. ನನ್ನ ಕಂಡ್ರೆ ಹೊಟ್ಟೆಕಿಚ್ಚು ಅವನಿಗೆ.”

*

ಕಿತ್ತದ್ದು ಮೊದಲು ಕೆಂಪಾದ ಗಿಡಗಳನ್ನೇ ಎಂದಾಗ ಪಕ್ಕದ ತೋಟದವನು ಸಿಡುಕಿದ.

“ಬೀಜ ಕೇಳಿದ್ದು ನಿಜ. ಹೊಸ್ತಿಲು ದಾಟೋಕೂ ಬಿಡಲಿಲ್ಲ ಆಯಮ್ಮ. ಈಗ ಎಲ್ಲಾ ಗಿಡದಲ್ಲೂ ಹಣ್ಣು ಕೆಂಪಗಿದೆ. ಯಾವುದು ಮೊದಲು ಕೆಂಪಾಯ್ತು ಅಂತ ನಂಗೇನು ಕನಸು ಬೀಳುತ್ತಾ?”

ಮಾತಿನಲ್ಲಿ ಹುರುಳಿತ್ತು.

“ಒಳಗೆ ಯಾರನ್ನ ಬಿಡ್ತಿದ್ರು?”

“ತಂಗೀನ. ಇನ್ಯಾರನ್ನೂ ಇಲ್ಲ.”

*

ತಂಗಿಯ ಅಡುಗೆಮನೆಯಲ್ಲಿ ಹುಳಿ ನಾತ ಮೂಗಿಗೆ ಅಡರಿತು. ಇನ್ಸ್‌ಪೆಕ್ಟರ್ ನೇರವಾಗಿ ಒಲೆಯ ಹಿಂದೆ ಕೈಹಾಕಿದಳು. ಬಟ್ಟೆ ಸುತ್ತಿದ ಗಾಜಿನ ಜಾಡಿ ಸಿಕ್ಕಿತು. ಒಳಗೆ ಟೊಮೆಟೊ ತಿರುಳು, ಅದರ ಮೇಲೆ ಬಿಳಿ ಕೆನೆ. ಜೊತೆಗೆ ಬಂದಿದ್ದ ಅಕ್ಕ, ಆ ಬೆಳೆಗಾರ್ತಿ, ಜಾಡಿಯೊಳಗೆ ಬಗ್ಗಿ ನೋಡಿದಳು.

“ತಿರುಳು ಹುಳಿ ಬಂದ್ರೇನೇ ಬೀಜ ಬಿಡಿಸೋಕಾಗೋದು ಅಂತ ನಿಮ್ಮಕ್ಕ ದಾರೀಲಿ ಹೇಳಿದ್ರು,” ಎಂದಳು ಇನ್ಸ್‌ಪೆಕ್ಟರ್. “ಈ ಚಳೀಲಿ ಒಲೆ ಹತ್ರ ಇಡದೆ ವಿಧಿ ಇಲ್ಲ. ಆ ನಾಲ್ಕು ಗಿಡ ಮೊದಲು ಕೆಂಪಾದದ್ದನ್ನ ನೋಡಿದವರು ಇಬ್ಬರೇ. ಒಬ್ಬರು ದೂರು ಕೊಟ್ಟಿದ್ದಾರೆ.”

ತಂಗಿ ತಲೆ ತಗ್ಗಿಸಲಿಲ್ಲ.

“ಕೇಳಿದ್ರೆ ಕೊಡ್ತಿರಲಿಲ್ವೇನೇ?” ಎಂದಳು ಅಕ್ಕ.

“ನಾನ್ಯಾಕೆ ಕೇಳ್ಬೇಕಕ್ಕಾ? ಪ್ರತಿ ವರ್ಷ ಇಬ್ರೂ ಕೂತು ಆರಿಸಿದ್ವಿ. ಕಂಪನಿಯವರ ಹತ್ರ ನೀನು ನಿನ್ನ ಹೆಸರೊಂದೇ ಹೇಳ್ದೆ. ಮೈಯೆಲ್ಲ ಉರಿದುಹೋಯ್ತು. ಅವರು ಬಂದಾಗ ತೋರಿಸೋಕೆ ನಿಂಗೇನೂ ಉಳೀಬಾರದು ಅಂತ ಕಿತ್ತೆ.”

ಇನ್ಸ್‌ಪೆಕ್ಟರ್ ಜಾಡಿ ಎತ್ತಿಕೊಂಡಳು. “ಇದು ಸಾಕ್ಷಿ. ಸ್ಟೇಷನ್‌ಗೆ ಹೋಗ್ಬೇಕು.”

ತಂಗಿಗೆ ಆಗ ಅಳು ಬಂತು. “ಬೀಜ ಇವತ್ತೇ ತೊಳೆದು ಒಣಗಿಸದಿದ್ರೆ ಮೊಳೆತು ಹಾಳಾಗುತ್ತೆ ಮೇಡಂ. ನನ್ನ ಕರ್ಕೊಂಡು ಹೋಗಿ. ಜಾಡಿ ಬಿಟ್ಟುಬಿಡಿ.”

ಅಕ್ಕ ಜಾಡಿಯತ್ತ ಕೈ ಚಾಚಿದಳು.

“ದೂರು ವಾಪಸ್ ತಗೋತೀನಿ ಮೇಡಂ.”

ತಂಗಿ ಅವಳ ಕೈ ಹಿಡಿಯಲು ಹೋದಳು. ಅಕ್ಕ ಕೈ ಎಳೆದುಕೊಂಡಳು.

“ತೊಳಿ. ಅರ್ಧ ನಂಗೆ, ಅರ್ಧ ನಿಂಗೆ. ಆಮೇಲೆ ನನ್ನ ಬಾಗಿಲಿಗೆ ಬರಬೇಡ.”