ಎಂಟು ತಿಂಗಳು, ಹನ್ನೆರಡು ದಿನ

"ಪರಿಚಯದವರ ಸಹಿ ಇಲ್ಲದಂಗ ಅಕೌಂಟ್ ತೆಗೆಯಾಕ ಬರಂಗಿಲ್ರಿ," ಎಂದು ಬ್ಯಾಂಕ್ ಮ್ಯಾನೇಜರ್ ಗುರುಸಂಗಪ್ಪ ಫಾರಂ ವಾಪಸ್ ಸರಿಸಿದರು.

ಆಂದ್ರಾಶ್ ಹಂಗೇರಿಯವನು. ನೀಲಗುಂದದ ಭೀಮೇಶ್ವರ ಗುಡಿಯ ಕೆತ್ತನೆ ಅಳೆದು ಚಿತ್ರ ಬರೆಯಲು ಬಂದವನು ಹರಪನಹಳ್ಳಿಯಲ್ಲಿ ಬಾಡಿಗೆಗಿದ್ದ. ಅವನ ಯೂನಿವರ್ಸಿಟಿಯ ಚೆಕ್ಕು ಅವನ ಹೆಸರಿನ ಅಕೌಂಟಿಗೇ ಬೀಳಬೇಕು. ಈ ವಾರ ಅದು ಆಗದಿದ್ದರೆ ಗಂಟುಮೂಟೆ ಕಟ್ಟುವುದೊಂದೇ ದಾರಿ. ಸಹಿಗೆ ಆ ಬ್ಯಾಂಕಿನಲ್ಲೇ ಖಾತೆ ಇದ್ದವರು ಬೇಕು. ಮನೆ ಮಾಲೀಕ ವೀರಭದ್ರಯ್ಯ "ನಾಳಿ ನೋಡಣ" ಎಂದು ಮೂರು ನಾಳೆ ಕಳೆದಿದ್ದರು. ಕರೆಕರೆದು ಟೀ ಕುಡಿಸಿದ್ದ ಜನ ಪೆನ್ನು ಕಂಡೊಡನೆ ಕೈ ಹಿಂದೆಳೆದರು. ಊರೆಂದರೆ ಹಾಗೇ ನೋಡಿ.

ಭಾಗ್ಯ ಬೆಂಚಿನ ಮೇಲೆ ಕೂತು ಎಲ್ಲ ಕೇಳುತ್ತಿದ್ದಳು. ಬಸ್ ಸ್ಟ್ಯಾಂಡ್ ಎದುರಿನ ಎಸ್‌ಟಿಡಿ ಬೂತ್ ಅವಳದು, ಅದರ ಖಾತೆ ಇದೇ ಬ್ಯಾಂಕಿನಲ್ಲಿ. ಆಂದ್ರಾಶ್ ತಾಯಿಗೆ ಫೋನ್ ಮಾಡುತ್ತಿದ್ದುದು ಆ ಬೂತಿನಿಂದಲೇ. ಮಾತು ಮುಗಿದರೂ ಒಂದು ಗಳಿಗೆ ನಿಲ್ಲುತ್ತಿದ್ದ. ಅವನ ಬೆರಳಿಗಂಟಿದ ಪೆನ್ಸಿಲ್ ಕಪ್ಪನ್ನು ಇವಳು ನೋಡುತ್ತಿದ್ದಳು. ಅದಕ್ಕಿಂತ ಹೆಚ್ಚೇನೂ ನಡೆದಿರಲಿಲ್ಲ. ಈಗ ಸಹಿ ಹಾಕಿದರೆ ಸಂಜೆಯೊಳಗೆ ಅಣ್ಣನ ಕಿವಿಗೆ ಬೀಳುತ್ತದೆ. ಹಾಕದಿದ್ದರೆ ಅವನು ಹೋಗೇ ಬಿಡುತ್ತಾನೆ.

ಎದ್ದು ನಿಂತಳು. "ನಾ ಹಾಕ್ತೀನ್ರಿ ಸಾರ್."

ಸಾಲಿನಲ್ಲಿದ್ದವರೆಲ್ಲ ತಿರುಗಿದರು.

"ಯೋಚ್ನಿ ಮಾಡವ್ವ," ಎಂದರು ಗುರುಸಂಗಪ್ಪ. "ನಾಳಿ ಏನರ ಹೆಚ್ಚುಕಮ್ಮಿ ಆದ್ರ ನಿನ್ನ ಕೇಳ್ತೀವಿ."

"ಕೇಳ್ರಿ. ಹೇಳ್ತೀನಿ."

"ಇವರು ಯಾವಾಗಿಂದ ಗೊತ್ತು ನಿನಗ? ಆರು ತಿಂಗಳರ ಆಗಿರಬೇಕು."

"ಎಂಟು ತಿಂಗಳು ಹನ್ನೆರಡು ದಿನ ಆತ್ರಿ."

ಅಂದ ಮೇಲೆ ತಿಳಿಯಿತು, ದಿನದ ಲೆಕ್ಕ ಯಾರೂ ಕೇಳಿರಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಕಿವಿ ಬಿಸಿಯಾದವು. ಇವನ ಮೇಲೆ ತನಗೆ ಪ್ರೀತಿ ಎಂದು ಅವಳು ತನಗೆ ತಾನೇ ಒಪ್ಪಿಕೊಂಡದ್ದು ಆಗಲೇ, ಅಷ್ಟು ಜನರ ಮುಂದೆ.

ಗುರುಸಂಗಪ್ಪ ಇಬ್ಬರನ್ನೂ ಒಮ್ಮೆ ನೋಡಿ ಫಾರಂ ತುಂಬಿದರು. "ಎಂಟು ತಿಂಗಳು ಅಂತ ಬರದೀನಿ. ದಿನ ಬರಿಯಾಕ ಇದರಾಗ ಜಾಗ ಇಲ್ಲವ್ವ."

ಅವಳು ಪೆನ್ನು ತೆಗೆದುಕೊಂಡು ಸಹಿ ಹಾಕಿದಳು.

ಬ್ಯಾಂಕಿನ ಮೆಟ್ಟಿಲ ಮೇಲೆ ಆಂದ್ರಾಶ್ ನಿಧಾನವಾಗಿ ಒಂದೊಂದೇ ಪದ ಹುಡುಕಿ ಹೇಳಿದ. "ಹನ್ನೆರಡು ಅಲ್ಲ. ಹದಿಮೂರು. ಮೊದಲ ದಿನ ನಾನು ಬೂತ್ ಒಳಗೆ ಬರಲಿಲ್ಲ. ಹೊರಗೆ ನಿಂತು, ನಿಮ್ಮನ್ನು ನೋಡಿ, ಹೋದೆ."

ಭಾಗ್ಯ ಅವನ ಕಡೆ ತಿರುಗಿದಳು. "ಮತ್ತ ಇಷ್ಟು ದಿನ ಯಾಕ ಹೇಳ್ಲಿಲ್ಲ?"

"ಕನ್ನಡ ಕಲಿಯುತ್ತಿದ್ದೆ."

"ಕಲ್ತಿದ್ದು ಚಲೋ ಆತು," ಎಂದಳು, ಸೆರಗು ಸರಿಪಡಿಸಿಕೊಳ್ಳುತ್ತ. "ಸಂಜಿಗೆ ಮನಿಗೆ ಬರ್ರಿ. ಊರವರು ಹೇಳೋ ಮುಂಚೆ ನಮ್ಮಣ್ಣಗ ನಾವ ಹೇಳಣ."